ಅಣ್ಣನ ದನಿಯಲ್ಲಿ ಹಾಡುವವನು

ಅವನು ಆ ಕೋಟನ್ನು ಮೇಜಿನ ಮೇಲೆ ಹರಡಿದ ಕೂಡಲೇ ಅವಳ ಕತ್ತರಿ ಅರ್ಧ ಬಟ್ಟೆಯಲ್ಲೇ ನಿಂತುಬಿಟ್ಟಿತು.

ಕಡುನೀಲಿ ಮಖಮಲ್ಲು. ಎತ್ತಿ ನಿಲ್ಲಿಸಿದ ಕಾಲರು. ಮುಂದೆ ಸಾಲಾಗಿ ಬಿಳಿ ಗುಂಡಿಗಳು, ಕೆಳಗಿನಿಂದ ಎರಡನೆಯದು ಮಾತ್ರ ಕರಿ.

“ಸೊಂಟದ ಹತ್ರ ಸ್ವಲ್ಪ ಬಿಡಿಸಬೇಕಿತ್ತು,” ಅಂದ ಅವನು. “ಹೊಲಿಸಿದಾಗ ಸರಿಯಾಗೇ ಇತ್ತು. ಕೋಟು ಅಲ್ಲೇ ಇದೆ, ನಾನು ಮುಂದೆ ಬಂದಿದೀನಿ.”

ಬೇರೆ ಗಿರಾಕಿ ಹೇಳಿದ್ದರೆ ನಕ್ಕುಬಿಡುತ್ತಿದ್ದಳು. ಈಗ ತುಟಿ ಅಲುಗಲಿಲ್ಲ. ಕೋಟಿನ ಅಂಚು ಮಗುಚಿ ಒಳಗಿನ ಹೊಲಿಗೆ ನೋಡಿದಳು. ಅಸಲಿ ಕೋಟಿಗೆ ಬೂದು ಅಸ್ತರು ಇತ್ತು, ಇದಕ್ಕೆ ಕಪ್ಪು. ನಕಲು. ಅಂಚನ್ನು ಮೊದಲಿನಂತೆ ಮಡಚಿಟ್ಟಳು.

“ಈ ಕರಿ ಗುಂಡಿ ಬದಲಾಯಿಸಲಾ? ನನ್ನ ಹತ್ರ ಬಿಳಿದು ಇದೆ.”

“ಬೇಡ ಬೇಡ, ಅದನ್ನ ಮಾತ್ರ ಮುಟ್ಟಬೇಡಿ. ಅದಿಲ್ಲ ಅಂದ್ರೆ ಜನ ನನ್ನ ಒಪ್ಪೋದೇ ಇಲ್ಲ.” ಆಮೇಲೆ ತುಸು ಸಂಕೋಚದಿಂದ ಸೇರಿಸಿದ, “ನಾನು ಅವರ ಹಾಡು ಹಾಡ್ತೀನಿ. ನೀಲಿ ಕೋಟಿನವರದ್ದು. ಗೊತ್ತಲ್ವಾ?”

“ಕೇಳಿದೀನಿ,” ಅಂದಳು.

ಅವಳ ಅಂಗಡಿ ಕನ್ನಡಕದ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಕೊಂಡ ಉದ್ದನೆಯ ಒಂದು ಕೋಣೆ. ಹೊಸ ಬಟ್ಟೆ ಹೊಲಿಯುವುದಿಲ್ಲ. ಉದ್ದ ಇದ್ದದ್ದನ್ನು ಗಿಡ್ಡ, ಬಿಗಿ ಇದ್ದದ್ದನ್ನು ಸಡಿಲ ಮಾಡುವುದಷ್ಟೇ. ಗಾಜಿನ ಭರಣಿಗಳಲ್ಲಿ ಜಿಪ್ಪು, ಕೊಕ್ಕೆ, ಗುಂಡಿ. ಮೂಲೆಯಲ್ಲಿ ಪರದೆ ಎಳೆದ ಟ್ರಯಲ್ ರೂಮು. ಅವಳು ಟೇಪು ಹಿಡಿದು ಅವನ ಸೊಂಟ ಅಳೆಯಲು ಬಾಗಿದಾಗ ಅವನು ಕೈ ಎತ್ತಿ ನಿಂತ. ನಿಂತವನು ಸುಮ್ಮನಿರಲಾರದೆ ಸಣ್ಣಗೆ ಹಾಡತೊಡಗಿದ.

ಎರಡೇ ಸಾಲು. ಟೇಪಿನಲ್ಲಿ ಓದಿದ ಅಂಕಿ ಅವಳಿಗೆ ಮರೆತೇಹೋಯಿತು. ಬಚ್ಚಲುಮನೆಯ ಬಾಗಿಲ ಹಿಂದಿನಿಂದ, ಸ್ನಾನದ ನೀರಿನ ಸದ್ದಿನೊಳಗಿಂದ ದಿನಾ ಕೇಳಿಬರುತ್ತಿದ್ದ ದನಿ ಅದು.

“ಇಲ್ಲಿ ಹಾಡಬೇಡಿ.”

ಮಾತು ಅಂದುಕೊಂಡದ್ದಕ್ಕಿಂತ ಒರಟಾಗಿ ಬಂದಿತ್ತು. ಅವನು ಕೈ ಇಳಿಸಿದ. ಮುಖ ಚಿಕ್ಕದಾಯಿತು.

“ಚೆನ್ನಾಗಿಲ್ವಾ?”

“ಬುಧವಾರ ಬನ್ನಿ,” ಅಂದು ಅವಳು ರಸೀದಿ ಹರಿದುಕೊಟ್ಟಳು.

*

ನೀಲಿ ಕೋಟಿನ ಗಾಯಕ ಅವಳ ಸ್ವಂತ ಅಣ್ಣ. ಈ ಊರಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದಿರಲಿ ಎಂದೇ ಅವಳು ಇಲ್ಲಿಗೆ ಬಂದದ್ದು.

ಅಣ್ಣ ಹೋದಾಗ ಅವನಿಗೆ ಇಪ್ಪತ್ತಾರು. ಅದಕ್ಕೆ ಮೂರು ವರ್ಷದ ಹಿಂದೆ ಅವನ ಹಾಡು ಬಸ್ಸಿನಲ್ಲಿ, ಸಲೂನಿನಲ್ಲಿ, ಪರೀಕ್ಷೆಗೆ ಓದುವ ಮಕ್ಕಳ ಕೋಣೆಯಲ್ಲಿ, ಎಲ್ಲಿ ನೋಡಿದರೂ ಶುರುವಾಗಿತ್ತು. ಸಾಲುಸಾಲು ಕಾರ್ಯಕ್ರಮಗಳ ನಡುವೆ ಕೆಮ್ಮು ಹಿಡಿಯಿತು. “ಇದೊಂದು ಮುಗೀಲಿ, ಡಾಕ್ಟರ ಹತ್ರ ಹೋಗ್ತೀನಿ” ಅನ್ನುತ್ತ ಎಂಟು ಊರು ಸುತ್ತಿದ. ಒಂಬತ್ತನೆಯ ಊರಿನ ಆಸ್ಪತ್ರೆಯಲ್ಲಿ ಶ್ವಾಸಕೋಶದ ಸೋಂಕು ಎಂದರು. ಅಲ್ಲಿಂದ ಅವನು ಎದ್ದು ಬರಲಿಲ್ಲ.

ಜನ ಇದನ್ನು ನಂಬಲಿಲ್ಲ. ಅಷ್ಟು ದೊಡ್ಡ ಮನುಷ್ಯ ಇಷ್ಟು ಸಣ್ಣ ಕಾರಣಕ್ಕೆ ಸಾಯಬಾರದು ಎಂಬುದು ಅವರ ವಾದ. ಪ್ರೇಮ ಮುರಿದಿತ್ತು ಎಂದರು. ಸಾವು ಅವನಿಗೆ ಮೊದಲೇ ಗೊತ್ತಿತ್ತು, ಕೊನೆಯ ಹಾಡಿನಲ್ಲಿ ಸುಳಿವು ಕೊಟ್ಟಿದ್ದಾನೆ ಎಂದರು. ಸತ್ತೇ ಇಲ್ಲ, ಯಾವುದೋ ದ್ವೀಪದಲ್ಲಿ ಗಡ್ಡ ಬಿಟ್ಟುಕೊಂಡಿದ್ದಾನೆ ಎಂದವರೂ ಇದ್ದರು. ಮಣ್ಣು ಮಾಡಿದ ದಿನ ನೂಕುನುಗ್ಗಲಿನಲ್ಲಿ ಅಭಿಮಾನಿ ಹುಡುಗಿಯೊಬ್ಬಳು ತಲೆ ಸುತ್ತಿ ಬಿದ್ದಳು. ತಂಗಿಯೇ ಅವಳನ್ನು ಎಬ್ಬಿಸಿ, ನೀರು ಕುಡಿಸಿ, ಬೆನ್ನು ತಟ್ಟಿದಳು. ಆ ಹುಡುಗಿ ಇವಳ ಕೈ ತಳ್ಳಿ, “ನಿಮಗೇನ್ರೀ ಗೊತ್ತು ನನ್ನ ಸಂಕಟ” ಅಂದಳು.

ಆವತ್ತಿನಿಂದ ಇವಳಿಗೆ ಅಳು ಬಂದಿರಲಿಲ್ಲ. ಅಳುವ ಕೆಲಸವನ್ನು ಊರಿಗೆ ಊರೇ ವಹಿಸಿಕೊಂಡಮೇಲೆ ತನ್ನ ಪಾಲಿಗೆ ಏನೂ ಉಳಿದಿಲ್ಲ ಅನ್ನಿಸಿತ್ತು.

ಅಮ್ಮ ಬೇರೆ ದಾರಿ ಹಿಡಿದಳು. ಮನೆಯ ಬಾಗಿಲು ತೆರೆದಿಟ್ಟಳು. ಬಂದವರಿಗೆಲ್ಲ ಮಗನ ಕೋಣೆ ತೋರಿಸಿದಳು, ಮಗ ಕೂತ ಕುರ್ಚಿ ತೋರಿಸಿದಳು, ಅವರು ಅಮ್ಮಾ ಎಂದು ಕರೆದರೆ ಮಗನೇ ಎಂದಳು. ಲಕ್ಷಾಂತರ ಮಕ್ಕಳಾದರು ಅಮ್ಮನಿಗೆ. ಆ ಲೆಕ್ಕದಲ್ಲಿ ಹೆತ್ತ ಮಗಳು ಎಲ್ಲೋ ಹಿಂದೆ ಬಿದ್ದಳು. ಭಾನುವಾರ ಭಾನುವಾರ ಫೋನು ಬರುತ್ತಿತ್ತು. “ನಿನ್ನೆ ಒಂದು ಬಸ್ ತುಂಬ ಬಂದಿದ್ರು ಕಣೇ,” ಎಂದು ಅಮ್ಮ ಶುರುಮಾಡಿದರೆ ಇವಳು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು ಕಾಜಾ ಹೊಲಿಯುತ್ತಿದ್ದಳು.

*

ಬುಧವಾರ ಅವನು ಕೋಟು ಒಯ್ದ. ಶುಕ್ರವಾರ ಒಂದು ಪ್ಯಾಂಟು ತಂದ. ಮುಂದಿನ ವಾರ ಒಂದು ಶರ್ಟು.

“ಇದಕ್ಕೇನಾಗಿದೆ?”

“ಗುಂಡಿ ಸಡಿಲ.”

ಅವಳು ಗುಂಡಿಯನ್ನು ಎಳೆದು ನೋಡಿದಳು. ಕಲ್ಲಿನ ಹಾಗಿತ್ತು. “ಗಟ್ಟಿಯಾಗೇ ಇದೆಯಲ್ಲ.”

“ಈಗ ಗಟ್ಟಿ ಇದೆ. ನಾಳೆ ಬಿದ್ದುಹೋದ್ರೆ?”

“ನಾಳೆ ಬನ್ನಿ.”

“ಸರಿ, ನಾಳೆ ಬರ್ತೀನಿ,” ಎಂದು ಶರ್ಟು ಮಡಿಸಿ ಹೊರಟೇಬಿಟ್ಟ. ಬಾಗಿಲ ಹತ್ತಿರ ತಿರುಗಿ ನೋಡಿದ ರೀತಿಗೆ ಅವಳು ತಲೆ ತಗ್ಗಿಸಿ ಇಲ್ಲದ ದಾರವನ್ನು ಕತ್ತರಿಸಿದಳು.

ಅವನು ಹಗಲು ಹೊತ್ತು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವನು. ಹಾಡು ಸಂಜೆಯ ಕೆಲಸ. ಕಂಪನಿಗಳ ಪಾರ್ಟಿ, ಮದುವೆಯ ಆರತಕ್ಷತೆ, ವರ್ಷಕ್ಕೊಮ್ಮೆ ನೀಲಿ ಕೋಟಿನವನ ನೆನಪಿನ ಸಭೆಗಳು. ಕಲಿಯುವವರೆಲ್ಲ ಅವನನ್ನು ಮೇಷ್ಟ್ರೇ ಎನ್ನುತ್ತಿದ್ದರು. ಅವಳೂ ಹಾಗೇ ಕರೆದಳು. ಅವನು ಅವಳನ್ನು ಮೇಡಂ ಎನ್ನುತ್ತಿದ್ದ, ಆ ಪದದೊಳಗೆ ಒಂದು ನಗು ಬಚ್ಚಿಟ್ಟು.

“ಎಲ್ಲರೂ ಕೂತ ಕೂಡಲೇ ಒಂದು ಹಾಡು ಹಾಡಿ ಅಂತಾರೆ,” ಅಂದ ಒಂದು ದಿನ, ಇಸ್ತ್ರಿ ಮೇಜಿಗೆ ಒರಗಿ. “ಹಾಡಬೇಡಿ ಅಂದೋರು ನೀವೊಬ್ಬರೇ. ಎರಡು ದಿನ ಸಿಟ್ಟಿತ್ತು. ಆಮೇಲೆ ಯೋಚನೆ ಬಂತು, ಇಲ್ಲಿ ನಾನು ಸುಮ್ನೆ ಇದ್ರೂ ನಡೆಯುತ್ತೆ ಅಂತ. ಎಷ್ಟು ಹಗುರ ಆಯ್ತು ಗೊತ್ತಾ?”

ಅವಳು ಇಸ್ತ್ರಿಯನ್ನು ಅವನಿಂದ ತುಸು ಆಚೆ ಸರಿಸಿದಳು. “ಇಸ್ತ್ರಿ ಬಿಸಿ ಇದೆ, ಕೈ ಜೋಪಾನ,” ಅಂದಳು.

“ಕಾರು ಬರುತ್ತಾ ನಿಮಗೆ?”

“ಕಾರೇ ಇಲ್ಲ.”

“ಈಜು ಕಲಿಯೋರ ಮನೇಲೆಲ್ಲ ಕೆರೆ ಇರುತ್ತಾ?”

ಹೀಗೆ ಅವಳು ಕಾರು ಕಲಿಯತೊಡಗಿದಳು. ಬೆಳಗ್ಗೆ ಅಂಗಡಿ ತೆರೆಯುವ ಮೊದಲು, ಗೋದಾಮುಗಳ ಹಿಂದಿನ ಖಾಲಿ ರಸ್ತೆಯಲ್ಲಿ. ಅವಳು ಸ್ಟೀರಿಂಗನ್ನು ಮುಳುಗುವವರು ಹಗ್ಗ ಹಿಡಿದ ಹಾಗೆ ಹಿಡಿಯುತ್ತಿದ್ದಳು.

“ಮೇಡಂ, ಅದು ಓಡಿಹೋಗಲ್ಲ. ಬೆರಳು ಸಡಿಲ ಬಿಡಿ. ಕ್ಲಚ್ ನಿಧಾನ. ಇನ್ನೂ ನಿಧಾನ. ಸೂಜಿಗೆ ದಾರ ಪೋಣಿಸುವಾಗ ಹೀಗೆ ಅವಸರ ಮಾಡ್ತೀರಾ?”

“ಲಾರಿ ಬರ್ತಿದೆ.”

“ಬರಲಿ. ಅದರ ರಸ್ತೆಲಿ ಅದು ಬರುತ್ತೆ.”

“ಗುದ್ದಿದ್ರೆ?”

“ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇದೆ. ನೀವು ಒಬ್ಬರೇ ಓಡಿಸ್ತಾ ಇಲ್ಲ.”

ಆ ಮಾತು ಆ ಬೆಳಗಿನ ಜೊತೆ ಮುಗಿದುಹೋಗಬೇಕಿತ್ತು. ಹೋಗಲಿಲ್ಲ. ಮಧ್ಯಾಹ್ನ ಮಷೀನಿನ ಪೆಡಲು ತುಳಿಯುವಾಗ, ಸಂಜೆ ಒಬ್ಬಳಿಗೆಂದು ಅನ್ನಕ್ಕಿಡುವಾಗ, ಅದೇ ದನಿ ಕಿವಿಯಲ್ಲಿತ್ತು. ಹಾಡಿನ ದನಿಯಲ್ಲ. ಮಾತಾಡುವಾಗ ಅವನ ಗಂಟಲು ಬೇರೆಯೇ ಇತ್ತು, ಸ್ವಲ್ಪ ಗೊಗ್ಗರು, ಪದದ ಕೊನೆಯಲ್ಲಿ ತುಸು ಎಳೆಯುವುದು. ಅದನ್ನು ಅವಳು ಯಾರಲ್ಲೂ ಕೇಳಿರಲಿಲ್ಲ.

ಒಂದು ಬೆಳಗ್ಗೆ ಗಾಡಿ ಬದಿಗೆ ಹಾಕಿ, ಫ್ಲಾಸ್ಕಿನಿಂದ ಟೀ ಬಗ್ಗಿಸುತ್ತ ಅವನೇ ಮಾತು ತೆಗೆದ.

“ಅವರು ಹೋಗಿದ್ದು ಇಪ್ಪತ್ತಾರಕ್ಕೆ. ನನಗೆ ಮೂವತ್ತೆಂಟು. ಮೊದಮೊದಲು ಅವರು ನನಗೆ ದೊಡ್ಡೋರ ಥರ ಕಾಣ್ತಿದ್ರು. ಈಗ ಫೋಟೋ ನೋಡಿದ್ರೆ, ಪಾಪ, ಹುಡುಗ ಅನ್ಸುತ್ತೆ. ಆ ಹುಡುಗನಿಗೆ ಹೊಟ್ಟೆ ಬರಲ್ಲ, ಕೂದಲು ಉದುರಲ್ಲ. ನನ್ನ ವಿಗ್ಗು ನೋಡಿ ಜನ ಸೀಟಿ ಹೊಡೀತಾರೆ. ವಿಗ್ಗು ತೆಗೆದು ಅದೇ ಜನರ ಮಧ್ಯೆ ನಡ್ಕೊಂಡು ಹೋದ್ರೆ, ಸ್ವಲ್ಪ ಜಾಗ ಬಿಡಿ ಅಂಕಲ್ ಅಂತಾರೆ.”

ಅವಳು ನಕ್ಕಳು. ನಗುವಿನ ತಳದಲ್ಲಿ ಏನೋ ಚುಚ್ಚಿತು. ಅಣ್ಣನಿಗಿಂತ ತಾನು ಆರು ವರ್ಷಕ್ಕೆ ಚಿಕ್ಕವಳು. ಈಗ ಮೂವತ್ತೆರಡು. ತಂಗಿ ಅಣ್ಣನನ್ನು ದಾಟಿ ಮುಂದೆ ಬಂದು ಎಷ್ಟು ಕಾಲವಾಯಿತು. ಅದನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ.

“ಬೇಜಾರಾಗಲ್ವಾ ನಿಮಗೆ?”

“ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯ್ತಂತೆ. ನಾನು ನಾರು. ಬೇಜಾರಾಗುತ್ತೆ, ಸುಳ್ಳು ಯಾಕೆ. ಒಬ್ಬಳು ನನ್ನ ಮದುವೆ ಆಗ್ತೀನಿ ಅಂತಲೂ ಬಂದಿದ್ಲು. ಮನೇಲೂ ಕೋಟು ಹಾಕ್ಕೊಂಡಿರು ಅಂದ್ಲು.” ಅವನು ಟೀಯ ಲೋಟ ಅವಳ ಕೈಗಿಟ್ಟ. ಬೆರಳು ತಾಗಿದವು. ಇಬ್ಬರೂ ಗಮನಿಸದವರ ಹಾಗೆ ಕೂತರು. “ಆ ಕರಿ ಗುಂಡಿ ಇದೆಯಲ್ಲ, ಅದರ ಕಥೆ ಗೊತ್ತಾ?”

“ಏನು?”

“ಅವರು ಪ್ರೀತಿಸಿದ ಹುಡುಗಿ ಬಿಟ್ಟು ಹೋದ ದಿನ ಒಂದು ಬಿಳಿ ಗುಂಡಿ ಕಿತ್ತು ಅವಳಿಗೆ ಕೊಟ್ಟು, ಆ ಜಾಗಕ್ಕೆ ಕರಿದು ಹಾಕಿಸಿಕೊಂಡರಂತೆ. ಕೆಳಗಿನಿಂದ ಎರಡನೇದು ಅಂದ್ರೆ ಇನ್ನು ಎರಡು ವರ್ಷ ಬದುಕ್ತೀನಿ ಅಂತ ಅರ್ಥ ಅಂತೆ. ಅದರ ಮೇಲೆ ಪುಸ್ತಕಾನೇ ಬಂದಿದೆ.”

ಅವಳಿಗೆ ನಗು ತಡೆಯಲಾಗಲಿಲ್ಲ. ಲೋಟದ ಟೀ ತುಳುಕಿ ಮಡಿಲಿಗೆ ಚೆಲ್ಲಿತು. ಎಷ್ಟು ವರ್ಷದಿಂದ ಒತ್ತಿಟ್ಟದ್ದೋ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನಗುನಗುತ್ತಲೇ ಬಾಯಿ ಜಾರಿತು.

“ಅದು ನಮ್ಮಪ್ಪನ ಹಳೇ ಪ್ಯಾಂಟಿನ ಗುಂಡಿ. ಬಿಳೀದು ಬಿದ್ದುಹೋಗಿತ್ತು. ಕಾರು ಬಂದು ಹೊರಗೆ ಹಾರ್ನ್ ಹೊಡೀತಿತ್ತು. ಕೈಗೆ ಸಿಕ್ಕಿದ್ದನ್ನ ಹೊಲಿದು ಕೊಟ್ಟೆ. ನಾಳೆ ಬದಲಾಯಿಸು ಗುಬ್ಬಿ ಅಂದಿದ್ದ.”

ಅವನ ಮುಖದಲ್ಲಿದ್ದ ನಗು ಮೆಲ್ಲಗೆ ಆರಿತು.

“ನಿಮ್ಮಪ್ಪನ?”

“ಅವನು ನಮ್ಮಣ್ಣ,” ಅಂದಳು.

ಹೊರಗೆ ಒಂದು ಲಾರಿ ಹಾದುಹೋಯಿತು. ಕಾರು ಸಣ್ಣಗೆ ನಡುಗಿತು. ಅವನು ಎರಡು ಕೈಯನ್ನೂ ಮೊಣಕಾಲ ಮೇಲಿಟ್ಟುಕೊಂಡು ಮುಂದಿನ ಗಾಜನ್ನೇ ನೋಡುತ್ತಿದ್ದ.

“ಹಾಡಬೇಡಿ ಅಂದಿದ್ದು ಅದಕ್ಕಾ?”

“ಹೂಂ.”

“ನಾನೇನೋ ಬೇರೆ ಅಂದ್ಕೊಂಡಿದ್ದೆ.” ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿಮಾಡಿದ. “ಇಷ್ಟು ದಿನ ನೀವು ನನ್ನಲ್ಲಿ ಯಾರನ್ನ ನೋಡ್ತಾ ಇದ್ರಿ?”

ಸುಲಭದ ಉತ್ತರ ಇತ್ತು. ನಿಮ್ಮನ್ನೇ ಎನ್ನಬಹುದಿತ್ತು. ಆದರೆ ಮೊದಲ ದಿನ ಆ ಎರಡು ಸಾಲು ಕೇಳಿದಾಗ ಕಣ್ಣೆದುರು ನಿಂತಿದ್ದು ಅಣ್ಣನೇ, ಅದು ಸುಳ್ಳಲ್ಲ. ಅಣ್ಣ ಯಾವಾಗ ಸರಿದು ಇವನು ಬಂದ ಎಂದು ಅವಳು ಮನಸ್ಸಿನಲ್ಲೇ ಹುಡುಕುತ್ತ ಕೂತಳು. ಹುಡುಕುವುದರಲ್ಲಿ ಹೊತ್ತಾಯಿತು. ಅವನು ಆ ಮೌನವನ್ನೇ ಉತ್ತರ ಅಂದುಕೊಂಡ.

“ಈ ಕಡೆ ಬನ್ನಿ ಮೇಡಂ,” ಅಂದ. “ವಾಪಸ್ ನಾನೇ ಓಡಿಸ್ತೀನಿ.”

*

ಮುಂದಿನ ಪಾಠಕ್ಕೆ ಬೇರೊಬ್ಬ ಮೇಷ್ಟ್ರು ಬಂದರು. ವಯಸ್ಸಾದವರು, ಮೂರನೇ ಗೇರಿಗೆ ಬರುವಷ್ಟರಲ್ಲಿ ತೂಕಡಿಸುವವರು. “ಅವನು ಮಧ್ಯಾಹ್ನದ ಬ್ಯಾಚಿಗೆ ಹಾಕಿಸ್ಕೊಂಡಿದಾನಮ್ಮ,” ಎಂದಷ್ಟೇ ಹೇಳಿದರು.

ಅವನು ಅಂಗಡಿಗೆ ಬರಲಿಲ್ಲ. ಬಾಗಿಲ ಗಂಟೆ ಸದ್ದಾದಾಗಲೆಲ್ಲ ಅವಳು ತಲೆ ಎತ್ತುತ್ತಿದ್ದಳು; ಜಿಪ್ಪು ಕೆಟ್ಟ ಬ್ಯಾಗು ಹಿಡಿದ ಹೆಂಗಸು, ಪ್ಯಾಂಟಿನ ಕಾಲು ಮಡಿಸಬೇಕೆನ್ನುವ ಮುದುಕ. ಎರಡು ಸಲ ಅವನ ನಂಬರು ತೆಗೆದು, ಏನೆಂದು ಶುರುಮಾಡುವುದೆಂದು ತೋಚದೆ ಇಟ್ಟಳು. ಸಿಗ್ನಲಿನಲ್ಲಿ ಡ್ರೈವಿಂಗ್ ಸ್ಕೂಲಿನ ಕಾರು ಕಂಡರೆ ಬಗ್ಗಿ ಗಾಜಿನೊಳಗೆ ಇಣುಕುತ್ತಿದ್ದಳು. ಒಳಗೆ ಬೇರೆ ಯಾರೋ ಇರುತ್ತಿದ್ದರು.

ಲೈಸೆನ್ಸ್ ಪರೀಕ್ಷೆಯಲ್ಲಿ ಪಾಸಾದಳು. ಎಂಟರ ಆಕಾರದಲ್ಲಿ ಗಾಡಿ ತಿರುಗಿಸಿ ನಿಲ್ಲಿಸಿದಾಗ ಇನ್ಸ್‌ಪೆಕ್ಟರು ತಲೆಯಾಡಿಸಿದರು. ಆಚೆ ಬಂದು ಫುಟ್‌ಪಾತಿನ ಮೇಲೆ ನಿಂತಳು. ಖುಷಿಯ ಸುದ್ದಿ ಕೈಯಲ್ಲಿತ್ತು. ಹೇಳಲು ಒಂದು ಕಿವಿ ಇರಲಿಲ್ಲ. ಕನ್ನಡಕದ ಅಂಗಡಿಯವನಿಗೆ ಹೇಳಿದಳು. ಅವನು “ಓಹೋ, ಪಾರ್ಟಿ ಯಾವಾಗ” ಎಂದು ಗಿರಾಕಿಯ ಕಡೆ ತಿರುಗಿದ. ಮನೆಗೆ ಹೋಗಿ, ದೀಪ ಹಾಕದೆ, ಸುಮ್ಮನೆ ಮಂಚದ ತುದಿಯಲ್ಲಿ ಕೂತಳು. ಅಣ್ಣ ಹೋದಮೇಲೆ ಒಂಟಿತನ ಅಭ್ಯಾಸವಾಗಿದೆ ಅಂದುಕೊಂಡಿದ್ದಳು. ಇದು ಆ ಒಂಟಿತನ ಅಲ್ಲ. ಇದಕ್ಕೊಂದು ಗೊಗ್ಗರು ಗಂಟಲಿತ್ತು.

ಭಾನುವಾರ ಅಮ್ಮನ ಫೋನು.

“ಹನ್ನೆರಡನೇ ವರ್ಷ ಕಣೇ. ದೊಡ್ಡದಾಗಿ ಮಾಡ್ತಿದಾರೆ. ಈ ಸಲನಾದ್ರೂ ಬಾ.”

“ಅಂಗಡಿ ಇದೆಯಮ್ಮ.”

“ಪ್ರತಿ ಸಲ ಅದೇ ಅಂತೀಯ. ಹಾಡೋಕೆ ಒಬ್ಬ ಬರ್ತಾನೆ. ವೀಡಿಯೋ ತೋರಿಸಿದ್ರು, ಥೇಟ್ ಅವನೇ. ಎರಡು ದಿನ ನಮ್ಮನೇಲೇ ಇರು ಅಂತ ಹೇಳಿಸಿದೀನಿ. ಹಗಲು ಡ್ರೈವಿಂಗ್ ಕಲಿಸ್ತಾನಂತೆ ಪಾಪ, ಎಷ್ಟು ಕಷ್ಟವೋ.”

ಅವಳ ಸೂಜಿ ಬೆರಳಿಗೆ ಚುಚ್ಚಿತು.

“ಯಾವತ್ತು ಬರಬೇಕಮ್ಮ?” ಅಂದಳು.

*

ಬಸ್ಸಿಳಿದು ನಡೆದು ಬಂದರೆ ಮನೆಯ ಗೇಟಿನ ಮುಂದೆ ಆಗಲೇ ಜನ. ಅಣ್ಣನ ದೊಡ್ಡ ಫೋಟೋ, ಹೂವಿನ ರಾಶಿ, ಸ್ಪೀಕರಿನಲ್ಲಿ ಹಾಡು. ಅವಳನ್ನು ಯಾರೂ ಗುರುತು ಹಿಡಿಯಲಿಲ್ಲ. “ಲೈನಲ್ಲಿ ಬನ್ನಿ,” ಎಂದು ಒಬ್ಬ ಗದರಿದ. ಅವಳು ಹಿತ್ತಲ ಬಾಗಿಲಿಂದ ಒಳಗೆ ಹೋದಳು.

ಅವನು ಊಟದ ಮೇಜಿನ ಎದುರು, ಅಣ್ಣನ ಕುರ್ಚಿಯಲ್ಲಿ ಕೂತಿದ್ದ. ಕೋಟಿರಲಿಲ್ಲ, ವಿಗ್ಗಿರಲಿಲ್ಲ. ನೆತ್ತಿಯ ಕೂದಲು ತೆಳ್ಳಗಾದ, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪಿನ ಮೇಷ್ಟ್ರು. ಅವಳನ್ನು ಕಂಡು ಅರ್ಧ ಎದ್ದ. ಅಮ್ಮ ಅವನ ಭುಜ ಒತ್ತಿ ಕೂರಿಸಿದಳು. ತಟ್ಟೆ ತುಂಬ ಬಡಿಸಿತ್ತು.

“ನೋಡು, ನಿನ್ನ ತಂಗಿ ಬಂದ್ಲು,” ಅಂದಳು ಅಮ್ಮ ಅವನಿಗೆ. “ಅದೃಷ್ಟ ಮಾಡಿದ್ದೆ ಕಣೋ ಮಗನೇ. ನೀನು ಬಂದೆ ಅಂತ ಇವಳೂ ಬಂದ್ಲು. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಬಡಿಸಿ ಎಷ್ಟು ವರ್ಷ ಆಯ್ತು.”

ಅಮ್ಮನ ಮುಖದಲ್ಲಿ ಅಂಥ ಬೆಳಕನ್ನು ಅವಳು ಬಹಳ ದಿನದಿಂದ ಕಂಡಿರಲಿಲ್ಲ. ಅದನ್ನು ಆರಿಸಲು ಮನಸ್ಸು ಬರಲಿಲ್ಲ. ಎದುರಿನ ಕುರ್ಚಿ ಎಳೆದು ಕೂತಳು. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. ತುತ್ತು ಬಾಯಿಗೆ ಹೋಗುತ್ತಿತ್ತು, ಕೆಳಗಿಳಿಯುತ್ತಿರಲಿಲ್ಲ.

“ಗುರುತು ಇಲ್ಲದವರ ಥರ ಕೂತ್ರೆ ಹೇಗೆ?” ಅಮ್ಮ ಇಬ್ಬರನ್ನೂ ನೋಡಿದಳು. “ಅವನು ಇವಳನ್ನ ಗುಬ್ಬಿ ಅಂತಿದ್ದ. ನೀನೂ ಹಾಗೇ ಕರಿ. ಒಂದು ಸಲ ಕರಿ ಮಗನೇ, ಅದೇ ದನೀಲಿ. ನನ್ನ ಕಿವಿ ತಂಪಾಗ್ಲಿ.”

ಹೊರಗೆ ಸ್ಪೀಕರಿನಲ್ಲಿ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವಿನ ಬಿಡುವು. ಅವನು ಕೈ ತೊಳೆದುಕೊಂಡು ಮೊದಲ ಬಾರಿಗೆ ಅವಳನ್ನು ನೋಡಿದ. ಆ ನೋಟ ಅವಳ ಹಣೆ, ಕೆನ್ನೆ, ಸೂಜಿ ಚುಚ್ಚಿದ ಬೆರಳು, ಎಲ್ಲವನ್ನೂ ಒಂದೊಂದಾಗಿ ಮುಟ್ಟಿತು.

“ಅದು ನನ್ನ ಕೈಲಿ ಆಗಲ್ಲಮ್ಮ,” ಅಂದ.

“ಒಂದೇ ಸಲ.”

“ಸಾವಿರ ಜನರ ಮುಂದೆ ಅವರ ಥರ ಹಾಡ್ತೀನಿ. ನೀವು ಮಗ ಅಂದ್ರೆ ಹೂಂ ಅಂತೀನಿ. ಆದ್ರೆ ಇವರನ್ನ ಹಾಗೆ ಕರೆದ್ರೆ ನಾನು ಇವರಿಗೆ ಅಣ್ಣ ಆಗಿಬಿಡ್ತೀನಿ.” ಅವನ ಗೊಗ್ಗರು ಇನ್ನಷ್ಟು ಇಳಿಯಿತು. “ಅದೊಂದು ಮಾತ್ರ ಆಗೋಕೆ ನನಗೆ ಇಷ್ಟ ಇಲ್ಲ.”

ಅಮ್ಮನಿಗೆ ತಿಳಿಯಲಿಲ್ಲ. ಮಗಳ ಕಡೆ ತಿರುಗಿದಳು. ಮಗಳ ಮುಖ ನೋಡಿದ ಮೇಲೆ ತಿಳಿಯಿತು. ಕೈಯಲ್ಲಿದ್ದ ಸೌಟನ್ನು ಮೆಲ್ಲಗೆ ಪಾತ್ರೆಗೆ ಇಳಿಸಿದಳು.

“ನಿಮಗೆ ಮೊದಲೇ ಪರಿಚಯವಾ?”

“ಹೂಂ ಅಮ್ಮ,” ಅಂದಳು ಅವಳು. ಆಮೇಲೆ ಮೇಷ್ಟ್ರ ಕಡೆ ತಿರುಗಿದಳು. “ಅವತ್ತು ನೀವು ಕೇಳಿದ್ದಕ್ಕೆ ನಾನು ಏನೂ ಹೇಳಲಿಲ್ಲ. ಈಗ ಹೇಳ್ತೀನಿ. ಮೊದಲ ದಿನ ನನಗೆ ಕೇಳಿಸಿದ್ದು ನಮ್ಮಣ್ಣನೇ. ಅದಕ್ಕೇ ಹೆದರಿ ಹಾಡಬೇಡಿ ಅಂದೆ. ಆಮೇಲೆ ನೀವು ಕ್ಲಚ್ ಬಿಡೋದು ಸರಿಯಿಲ್ಲ ಅಂತ ಬೈದ್ರಿ. ನಮ್ಮಣ್ಣನಿಗೆ ಸೈಕಲ್ ಕೂಡ ಬರ್ತಿರಲಿಲ್ಲ. ಅಲ್ಲಿಂದ ಈಚೆಗೆಲ್ಲ ನೀವೇ. ಲೈಸೆನ್ಸ್ ಸಿಕ್ಕಿತು. ಹೇಳೋಕೆ ನೀವಿರಲಿಲ್ಲ.”

ಅವನು ಕಣ್ಣು ಮುಚ್ಚಿ ತೆರೆದ. “ಎಂಟು ಹಾಕುವಾಗ ಕಂಬ ತಾಗಿಸಲಿಲ್ವಾ?”

“ಇಲ್ಲ.”

“ರಿವರ್ಸ್?”

“ಅದೂ ಸರಿಯಾಯ್ತು.”

ಇಬ್ಬರ ತುಟಿಯೂ ನಗಲು ಹೊರಟು ಅಮ್ಮನ ಮುಖ ಕಂಡು ನಿಂತವು. ಅಮ್ಮ ಗೋಡೆಗೆ ಒರಗಿಕೊಂಡಿದ್ದಳು.

“ಹಾಗಾದ್ರೆ ಇವನೂ ಅವನಲ್ಲ,” ಅಂದಳು. ಯಾರಿಗೆ ಅಂದಳೋ. “ಯಾರೂ ಅವನಲ್ಲ.”

ಅವನು ಸದ್ದಿಲ್ಲದೆ ಎದ್ದು ಹಿತ್ತಲಿಗೆ ಹೋದ. ಅವಳು ಅಮ್ಮನ ಹತ್ತಿರ ನೆಲದ ಮೇಲೆ ಕೂತಳು.

“ಅಮ್ಮ, ಅಣ್ಣ ಹೋದ. ಹನ್ನೆರಡು ವರ್ಷ ಆಯ್ತು. ನಾವಿಬ್ಬರೂ ಕೂತು ಒಂದು ಸಲ ಕೂಡ ಅತ್ತಿಲ್ಲ. ಬಾಗಿಲಲ್ಲಿ ಯಾವಾಗಲೂ ಯಾರಾದ್ರೂ ನಿಂತಿರ್ತಾರೆ.”

ಅಮ್ಮ ಗೋಡೆಗುಂಟ ಜಾರಿ ಅವಳ ಪಕ್ಕ ಕೂತಳು. “ಅವರು ಬರ್ಲಿಲ್ಲ ಅಂದ್ರೆ ಮನೆ ಎಷ್ಟು ಸುಮ್ನಿರುತ್ತೆ ಗೊತ್ತಾ ನಿನಗೆ,” ಅಂದಳು. “ನೀನು ಹೋಗ್ಬಿಟ್ಟೆ. ನಾನು ಯಾರ ಹತ್ರ ಅವನ ಮಾತಾಡ್ಲಿ?”

ಮಗಳಿಗೆ ಅದು ಹೊಳೆದೇ ಇರಲಿಲ್ಲ. ಬಸ್ಸುಗಟ್ಟಲೆ ಜನರನ್ನು ಅಮ್ಮ ಒಳಗೆ ಕರೆದದ್ದು ತಾನು ಬಿಟ್ಟುಹೋದ ಜಾಗ ತುಂಬಲು ಕೂಡ ಇರಬಹುದು. ಅಮ್ಮನ ಮಡಿಲಿಗೆ ತಲೆ ಇಟ್ಟಳು. ಹಳೆಯ ಸೀರೆಯ ವಾಸನೆ ಮೂಗಿಗೆ ತಾಗಿದ್ದೇ ತಡ, ಎಲ್ಲೋ ಗಟ್ಟಿಯಾಗಿ ನಿಂತಿದ್ದು ಸಡಿಲವಾಯಿತು. ತಾಯಿ ಮಗಳು ಅತ್ತರು, ಅಂದಚಂದವಿಲ್ಲದೆ, ಸೊರಸೊರ ಮೂಗೊರೆಸಿಕೊಂಡು. ಅಣ್ಣ ಹಲ್ಲಿಗೆ ಹೆದರಿ ಮಂಚ ಹತ್ತುತ್ತಿದ್ದದ್ದು ನೆನಪಾಗಿ ನಡುವೆ ಒಮ್ಮೆ ನಕ್ಕರು. ಮತ್ತೆ ಅತ್ತರು. ಹೊರಗೆ ಅವನ ಹಾಡನ್ನು ನೂರು ಜನ ಒಟ್ಟಿಗೆ ಹೇಳುತ್ತಿದ್ದರು. ಒಳಗೆ ಅದು ಕೇಳಲೇ ಇಲ್ಲ.

ಮುಖ ತೊಳೆದು ಬಂದ ಅಮ್ಮ ಹಿತ್ತಲ ಬಾಗಿಲಲ್ಲಿ ನಿಂತಳು. ಅವನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದವನು ಧಡಕ್ಕನೆ ಎದ್ದ.

“ಒಳಗೆ ಬನ್ನಿ,” ಅಂದಳು ಅಮ್ಮ. “ಊಟ ಅರ್ಧಕ್ಕೆ ಬಿಟ್ಟಿದೀರಿ.”

ಬೆಳಗ್ಗೆಯಿಂದ ‘ಬಾ’, ‘ಕೂರು’, ‘ತಿನ್ನು’ ಎನ್ನುತ್ತಿದ್ದ ಅಮ್ಮ. ಆ ‘ಬನ್ನಿ’ ಕೇಳಿ ಅವನು ಗಾಬರಿಯಾದ.

“ನೀನು ಅಂತಲೇ ಅನ್ನಿ ಅಮ್ಮ.”

“ಮಗನಾಗಿದ್ರೆ ಅಂತಿದ್ದೆ. ಅಳಿಯನನ್ನ ಹಾಗೆಲ್ಲ ಅನ್ನೋಕಾಗಲ್ಲ.” ಅಮ್ಮ ಕಣ್ಣೊರೆಸಿಕೊಂಡು ಒಳಗೆ ತಿರುಗಿದಳು. “ಆ ಕುರ್ಚಿ ಬೇಡ. ಅದು ಅವನದು. ಕಿಟಕಿ ಹತ್ರ ಇನ್ನೊಂದು ಹಾಕಿದೀನಿ.”

*

ಸಂಜೆ ಬೀದಿಯ ಕೊನೆಯ ಮೈದಾನದಲ್ಲಿ ಅವನು ಹಾಡಿದ. ಒಪ್ಪಿಕೊಂಡ ಕೆಲಸ, ಬಿಡುವ ಹಾಗಿರಲಿಲ್ಲ. ಹೊರಡುವ ಮೊದಲು, “ನೀವು ಬೇಡ ಅಂದ್ರೆ,” ಎಂದು ಶುರುಮಾಡಿದ್ದ. “ಹಾಡಿ ಬನ್ನಿ. ನಾನು ಕಿಟಕಿ ತೆಗೆದಿರ್ತೀನಿ,” ಅಂದಿದ್ದಳು. ಪ್ರತಿವರ್ಷ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಅಮ್ಮ ಈ ಸಲ ಮಂಡಿ ನೋವೆಂದು ಹೇಳಿ ಕಳಿಸಿ, ಮಗಳ ಪಕ್ಕ ಕೂತು, ಅಂಗಡಿಯಲ್ಲಿ ಬೆಳಕು ಚೆನ್ನಾಗಿ ಬರುತ್ತದೆಯೇ, ಮಧ್ಯಾಹ್ನ ಊಟಕ್ಕೇನು ಮಾಡುತ್ತಿ ಎಂದೆಲ್ಲ ಕೇಳುತ್ತಿದ್ದಳು.

ದೂರದಿಂದ ಹಾಡು ತೇಲಿ ಬಂತು. ಅವಳು ಕಿವಿ ಮುಚ್ಚಿಕೊಳ್ಳಲಿಲ್ಲ. ಮೊದಲ ಸಲ ಪೂರ್ತಿ ಕೇಳಿದಳು. ಮೇಲಿನ ಸ್ವರಕ್ಕೆ ಹತ್ತುವ ಮೊದಲು ಅಣ್ಣ ಉಸಿರು ತೆಗೆದುಕೊಳ್ಳುತ್ತಿರಲಿಲ್ಲ. ಇವನು ತೆಗೆದುಕೊಳ್ಳುತ್ತಾನೆ. ಆ ಸಣ್ಣ ಉಸಿರಿಗಾಗಿಯೇ ಅವಳು ಪ್ರತಿ ಸಲ ಕಾದಳು.

ಹಾಡು ಮುಗಿಸಿ ಅವನು ಮರಳಿದಾಗ ಗೇಟಿನ ಮುಂದೆ ಜನ ಮುತ್ತಿಕೊಂಡರು. ವಿಗ್ಗು ತೆಗೆದು ಕೈಯಲ್ಲಿ ಹಿಡಿದಿದ್ದ. ಕೆಲವರಿಗೆ ಅದು ಹಿಡಿಸಲಿಲ್ಲ, “ಹಾಕ್ಕೊಳ್ಳಿ, ಒಂದು ಫೋಟೋ,” ಎಂದು ಕೋಟಿನ ತೋಳು ಎಳೆಯುತ್ತಿದ್ದರು. ಬೆವೆತ ನೆತ್ತಿ, ಸೋತ ಕಣ್ಣು. ಅಷ್ಟು ಜನರ ನಡುವೆ ಅವನು ಒಬ್ಬನೇ ನಿಂತಿದ್ದ.

ಅವಳು ಮುಂಬಾಗಿಲಿಂದಲೇ ಇಳಿದು ಹೋದಳು. ಗೇಟು ತೆಗೆದು, ಎಲ್ಲರೂ ನೋಡುತ್ತಿರುವಂತೆ ಅವನ ಕೈ ಹಿಡಿದಳು. ಗದ್ದಲ ತಗ್ಗಿತು. ಹೂವು ಹಿಡಿದು ನಿಂತಿದ್ದ ವಯಸ್ಸಾದ ಹೆಂಗಸೊಬ್ಬರು ಅವಳ ಮುಖವನ್ನೂ ಗೋಡೆಯ ಮೇಲಿನ ದೊಡ್ಡ ಫೋಟೋವನ್ನೂ ಮತ್ತೆ ಮತ್ತೆ ನೋಡಿದರು.

“ಮೂಗು ಅವನದೇ,” ಅಂದರು. “ನೀನು ತಂಗಿ ಅಲ್ವೇನಮ್ಮ?”

ಹನ್ನೆರಡು ವರ್ಷ ಬಚ್ಚಿಟ್ಟ ಮಾತು. ಹೇಳಲು ಇಷ್ಟು ಸಲೀಸು ಎಂದು ಅವಳಿಗೆ ಗೊತ್ತಿರಲಿಲ್ಲ.

“ಹೌದಮ್ಮ, ಅವನಿಗೆ ತಂಗಿ,” ಎಂದು ಫೋಟೋ ತೋರಿಸಿದಳು. ಆಮೇಲೆ ಪಕ್ಕದವನನ್ನು ನೋಡಿದಳು. ಕೈಯೊಳಗಿನ ಕೈ ಬಿಗಿಯಾಯಿತು.

“ಇವರಿಗಲ್ಲ,” ಅಂದಳು.